ಹೆಡ್‌ಫೋನ್ ಹಾಕಿದರೂ ಕೆಳಗಿನ ಮನೆಗೆ ‘ಧಡ್ ಧಡ್’: ಎಲೆಕ್ಟ್ರಾನಿಕ್ ಡ್ರಮ್‌ನ ಅದುರು ಹುಡುಕಿ ನಿಲ್ಲಿಸುವ ಬಗೆ

“ತಮ್ಮಾ, ಮ್ಯಾಲ ದಿನಾ ಸಂಜಿಕಿ ಏನ್ ಕುಟ್ಲಾಕತ್ತೀರಿ? ಶೇಂಗಾ ಹಿಂಡಿ ಮಾಡ್ತೀರೇನು?”

ಕೆಳಗಿನ ಮನೆಯ ಮಾಸ್ತರ್ ಕಾಕಾ ಮೆಟ್ಟಿಲ ಮೇಲೆ ತಡೆದು ನಿಲ್ಲಿಸಿ ಹೀಗೆ ಕೇಳಿದಾಗ ನನಗೆ ಮೊದಲು ಅರ್ಥವೇ ಆಗಲಿಲ್ಲ. ಕಲಬುರಗಿಯ ಸೇಡಂ ರಸ್ತೆ ಕಡೆಯ ಅಪಾರ್ಟ್‌ಮೆಂಟಿನಲ್ಲಿ ನಮ್ಮದು ಎರಡನೇ ಮಹಡಿ, ಅವರದು ಮೊದಲನೇದು. ನಾನು ಬಾರಿಸೋದು ಎಲೆಕ್ಟ್ರಾನಿಕ್ ಡ್ರಮ್, ಪ್ಯಾಡಿಗೆ ಬಡಿದರೆ ಡ್ರಮ್ಮಿನ ಸದ್ದು ಮಷಿನ್ನಿನಿಂದ ಬರುವಂಥದ್ದು. ಕಿವಿಗೆ ಹೆಡ್‌ಫೋನ್. ಪಕ್ಕದ ಕೋಣೆಯಲ್ಲಿ ಮಲಗಿದ ನನ್ನ ಮಗಳೇ ಏಳೋದಿಲ್ಲ, ಇನ್ನು ಕೆಳಗೆ ಹೇಗೆ ಕೇಳೀತು ಅಂತ ಸ್ವಲ್ಪ ಸಿಟ್ಟೂ ಬಂತು. ಮರುದಿನ ಅವರ ಹಾಲ್‌ನಲ್ಲಿ ಕೂತೆ. ಮೇಲೆ ನನ್ನ ತಮ್ಮ ಬಾರಿಸಿದ. ಕಾಕಾ ಹೇಳಿದ್ದು ನೂರಕ್ಕೆ ನೂರು ನಿಜ. ಶೇಂಗಾ ಹಿಂಡಿ ಕುಟ್ಟಿದ ಹಾಗೇ ಇತ್ತು.

ಆಮೇಲೆ ಮೂರು ತಿಂಗಳು ಇದರ ಬೆನ್ನು ಹತ್ತಿದೆ. ದುಡ್ಡೂ ದಂಡ ಮಾಡಿದೆ. ನೀವು ಅದೇ ದಾರಿಯಲ್ಲಿ ಹೋಗಬಾರದು ಅಂತ, ದೋಷ ಎಲ್ಲಿದೆ ಅಂತ ಹುಡುಕುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಯಾವ ಭಾಗದಿಂದ ಅದುರು ಇಳಿಯುತ್ತಿದೆ ಅಂತ ಗೊತ್ತಾಗುವ ತನಕ ಒಂದು ರೂಪಾಯಿಯ ಸಾಮಾನೂ ತರಬೇಡಿ.

ಗಾಳಿಯ ಸಪ್ಪಳ ಬೇರೆ, ನೆಲದ ಸಪ್ಪಳ ಬೇರೆ

ಕೋಲು ಪ್ಯಾಡಿಗೆ ಬಡಿದಾಗ ಬರುವ ಟಪ್ ಟಪ್ ಗಾಳಿಯಲ್ಲಿ ಹೋಗುವಂಥದ್ದು. ಬಾಗಿಲು ಹಾಕಿದರೆ ಬಹುಪಾಲು ಅಲ್ಲೇ ಸಾಯುತ್ತದೆ. ಕಿಕ್ ಪೆಡಲ್, ಅಂದರೆ ದೊಡ್ಡ ಡ್ರಮ್ಮಿನ ಸದ್ದಿಗೆ ಕಾಲಿನಿಂದ ಒತ್ತುವ ಪೆಡಲ್, ತುಳಿದಾಗ ಆಗುವ ಕತೆ ಬೇರೆ. ಅದರ ಸುತ್ತಿಗೆಯಂಥ ಬೀಟರ್ ಪ್ಯಾಡಿಗೆ ಬಡಿಯುತ್ತದೆ, ಪ್ಯಾಡಿನ ಸ್ಟ್ಯಾಂಡ್ ನೆಲವನ್ನು ಒದೆಯುತ್ತದೆ, ನೆಲವೆಂದರೆ ಕೆಳಗಿನವರ ಛಾವಣಿ. ಆ ಛಾವಣಿ ಇಡಿಯಾಗಿ ಒಂದು ದೊಡ್ಡ ಹಲಗೆಯಂತೆ ಅದುರಿ ಅವರ ಕೋಣೆಯಲ್ಲಿ ಸಪ್ಪಳ ಮಾಡುತ್ತದೆ. ಅಂದರೆ ಅವರ ಕಿವಿಗೆ ಬೀಳುವುದು ನಿಮ್ಮ ಡ್ರಮ್ ಅಲ್ಲ, ಅವರದೇ ಛಾವಣಿ. ನಿಮ್ಮ ಮನೆಯಲ್ಲಿ ನಿಂತು ಎಷ್ಟು ಕಿವಿಗೊಟ್ಟರೂ ಇದು ಗೊತ್ತಾಗುವುದಿಲ್ಲ.

ನಮ್ಮ ಕಡೆ ಶಹಾಬಾದಿ ಫರ್ಸಿ ಹಾಕಿದ ನೆಲ ಜಾಸ್ತಿ. ಕಲ್ಲು ಭಾರ, ಗಟ್ಟಿ, ಸಪ್ಪಳ ತಡೆಯುತ್ತೆ ಅಂತ ನಾನೂ ನಂಬಿದ್ದೆ. ಮಾತಿನ ಸಪ್ಪಳ, ಟಿವಿ ಸಪ್ಪಳಕ್ಕೆ ಆ ಭಾರ ಒಂದಿಷ್ಟು ಉಪಯೋಗ. ಒದೆತಕ್ಕೆ ಇಲ್ಲ. ಗಟ್ಟಿ ಕಲ್ಲು ಒದೆತವನ್ನು ನುಂಗುವುದಿಲ್ಲ, ಹಾಗೇ ಕೆಳಗೆ ದಾಟಿಸುತ್ತದೆ.

ಇನ್ನೊಂದು ವಿಷಯ. ದೂರು ಬಂದಿದ್ದು ನವೆಂಬರಿನಲ್ಲಿ. ನಾನು ಡ್ರಮ್ ತಂದದ್ದು ಏಪ್ರಿಲಿನಲ್ಲಿ. ಏಳು ತಿಂಗಳು ಸುಮ್ಮನಿದ್ದವರು ಈಗೇಕೆ ಅಂತ ತಲೆ ಕೆಡಿಸಿಕೊಂಡೆ. ಉತ್ತರ ಸರಳ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಪ್ರತಿ ಮನೆಯಲ್ಲೂ ಕೂಲರ್ ಗುಂಯ್ ಅನ್ನುತ್ತಿರುತ್ತದೆ. ಅದರಡಿ ನನ್ನ ಕಿಕ್ ಮುಚ್ಚಿಹೋಗಿತ್ತು. ಥಂಡಿಗಾಲಕ್ಕೆ ಕೂಲರ್ ಬಂದ್, ಫ್ಯಾನ್ ಬಂದ್, ಕಿಟಕಿಯೂ ಬಂದ್. ಆಗ ಎಲ್ಲಾ ಬಯಲಾಯಿತು. ಅದಕ್ಕೇ ಪರೀಕ್ಷೆ ಮಾಡುವಾಗ ಕೆಳಗಿನ ಮನೆಯ ಫ್ಯಾನ್ ಆರಿಸಿಯೇ ಮಾಡಬೇಕು.

ಅರ್ಧ ಗಂಟೆಯ ಪರೀಕ್ಷೆ

ಇಬ್ಬರು ಬೇಕು. ಒಬ್ಬರು ಮೇಲೆ, ಒಬ್ಬರು ಕೆಳಗೆ, ನಡುವೆ ಫೋನ್. ಕೆಳಗೆ ಕೂರುವವರು ನೀವೇ ಆಗಿರಿ. “ಸ್ವಲ್ಪ ಕೇಳ್ತದ”, “ಭಾಳ ಕೇಳ್ತದ” ಅಂತ ಬೇರೆಯವರು ಹೇಳಿದ್ದರಿಂದ ಏನೂ ತಿಳಿಯುವುದಿಲ್ಲ.

ಮೊದಲು ಡ್ರಮ್‌ನ ಕರೆಂಟನ್ನೇ ತೆಗೆಯಿರಿ. ಹಾಗೇ ಬಾರಿಸಲಿ. ಸಪ್ಪಳ ನಿಂತುಹೋಯಿತೋ, ತಪ್ಪು ಸ್ಪೀಕರಿನದು. ವಾಲ್ಯೂಮ್ ಇಳಿಸಿ, ಇಲ್ಲಾ ಹೆಡ್‌ಫೋನ್ ಹಾಕಿ, ಮುಂದಿನದು ಓದುವ ಅಗತ್ಯವೇ ಇಲ್ಲ. ನಿಲ್ಲಲಿಲ್ಲವೋ, ಅದು ನೆಲದಿಂದ ಬರುತ್ತಿದೆ.

ಈಗ ಒಂದೊಂದೇ ಭಾಗ. ಬರೀ ಕಿಕ್ ಅರ್ಧ ನಿಮಿಷ. ಬರೀ ಹೈ-ಹ್ಯಾಟ್ ಪೆಡಲ್ (ಎಡಗಾಲಿನದು) ಅರ್ಧ ನಿಮಿಷ. ಆಮೇಲೆ ಕೋಲಿನಿಂದ ಬಾರಿಸುವ ಪ್ಯಾಡುಗಳು: ಬರೀ ಸ್ನೇರ್. ಟಾಮ್‌ಗಳು. ಸಿಂಬಲ್‌ಗಳು. ನಡುನಡುವೆ ನಿಲ್ಲಿಸಲಿ, ಯಾವುದು ಯಾವುದು ಅಂತ ಕಲೆಸಿಹೋಗದಿರಲಿ. ಕೊನೆಗೆ ಎರಡು ಪರೀಕ್ಷೆಗಳನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಒಂದು, ಪೆಡಲಿನಿಂದ ಕಾಲು ತೆಗೆದು ಬರೀ ಹಿಮ್ಮಡಿಯಿಂದ ತಾಳ ಹಾಕುವುದು. ಇನ್ನೊಂದು, ಸ್ಟೂಲ್ ಮೇಲೆ ಕೂತು ಏಳುವುದು, ಅತ್ತಿತ್ತ ಸರಿಯುವುದು. ನಮ್ಮ ಮನೆಯಲ್ಲಿ ಸಪ್ಪಳದ ಒಂದು ಪಾಲು ನನ್ನ ಎಡಗಾಲ ಹಿಮ್ಮಡಿಯದೇ ಆಗಿತ್ತು. ತಾಳಕ್ಕೆ ಅದು ತಾನಾಗಿ ಕುಣಿಯುತ್ತಿತ್ತು, ನನಗೆ ಗೊತ್ತೇ ಇರಲಿಲ್ಲ.

ಸಾಮಾನ್ಯವಾಗಿ ಸಿಗುವ ಫಲಿತಾಂಶ ಇದು: ಕಿಕ್ ಎಲ್ಲಕ್ಕಿಂತ ಜೋರು, ಅದರ ಹಿಂದೆ ಹೈ-ಹ್ಯಾಟ್ ಪೆಡಲ್, ಕೈಯಿಂದ ಬಾರಿಸುವ ಪ್ಯಾಡುಗಳು ಬಹಳ ಕಡಿಮೆ. ಪ್ಯಾಡುಗಳೇ ಜೋರಾಗಿ ಕೇಳಿದರೆ ಅವನ್ನು ಬಿಗಿದ ಚೌಕಟ್ಟು, ಅಂದರೆ ರ‍್ಯಾಕ್ ಎಲ್ಲೋ ಗೋಡೆಗೆ ತಾಗಿದೆ ಅಂತಲೇ ಲೆಕ್ಕ. ಹೋಗಿ ನೋಡಿ. ಒಂದು ಬೆರಳು ಸಂದು ಬಿಡಿಸಿದರೆ ಸಾಕು.

ಕೊನೆಯದು ಕೌದಿ ಪರೀಕ್ಷೆ. ಮನೆಯಲ್ಲಿನ ದಪ್ಪ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಕಿಕ್ ಸ್ಟ್ಯಾಂಡ್ ಮತ್ತು ಪೆಡಲ್ ಕೆಳಗೆ ಹಾಕಿ. ಕೆಳಗೆ ಸಪ್ಪಳ ಕಣ್ಣಿಗೆ ಕಟ್ಟುವಷ್ಟು ಇಳಿದರೆ ದಾರಿ ಸಿಕ್ಕಿತು ಅಂತ ಅರ್ಥ: ಮೆತ್ತನೆಯ ಆಸರೆ ಕೊಟ್ಟರೆ ಕೆಲಸ ಆಗುತ್ತದೆ. ಕೌದಿಯನ್ನೇ ಕಾಯಂ ಇಡುತ್ತೇನೆ ಅಂದರೆ ಆಗದು. ಎರಡು ವಾರದಲ್ಲಿ ಅಮುಕಿ ಗಟ್ಟಿಯಾಗುತ್ತದೆ. ಮನೆಯಲ್ಲಿ ಬೈಗುಳ ಬೇರೆ.

ನೆಲವನ್ನೂ ಒಮ್ಮೆ ನೋಡಿ. ನಾಣ್ಯದಿಂದ ಫರ್ಸಿಯನ್ನು, ಟೈಲ್ಸನ್ನು ಅಲ್ಲಲ್ಲಿ ಕುಟ್ಟಿ. ಕೆಲವು ಕಡೆ ‘ಟೊಕ್’ ಅಂತ ಪೊಳ್ಳು ಸಪ್ಪಳ ಬರುತ್ತದೆ. ಕೆಳಗೆ ಸಿಮೆಂಟ್ ಸರಿಯಾಗಿ ತುಂಬಿಲ್ಲ. ಅಂಥ ಕಲ್ಲಿನ ಮೇಲೆ ಪೆಡಲ್ ಇಟ್ಟರೆ ಕಲ್ಲೇ ಕಟಕಟ ಅನ್ನುತ್ತದೆ. ಜಾಗ ಬದಲಿಸಿ. ಹಾಗೆಯೇ, ಸ್ಲ್ಯಾಬಿನ ನಡುಮಧ್ಯ ಎಲ್ಲಕ್ಕಿಂತ ಜಾಸ್ತಿ ಬಾಗುತ್ತದೆ, ತೊಲೆ ಹೋಗಿರುವ ಅಂಚಿನ ಕಡೆ ಕಡಿಮೆ. ನಾನು ಡ್ರಮ್ಮನ್ನು ಹಾಲಿನ ನಡುವಿನಿಂದ ಮೂಲೆಗೆ ಸರಿಸಿದೆ. ಖರ್ಚಿಲ್ಲದೆ ಸಿಕ್ಕ ಮೊದಲ ಲಾಭ ಅದು. ಮೂಲೆ ಅಂದರೆ ಗೋಡೆಗೆ ಒರಗಿಸುವುದಲ್ಲ, ಅದು ನೆನಪಿರಲಿ. ಕೆಳಗಿನವರ ಮಂಚ ಎಲ್ಲಿದೆ ಅಂತಲೂ ಕೇಳಿಕೊಳ್ಳಿ.

ಅದು ನಿಮ್ಮ ಡ್ರಮ್ ಅಲ್ಲದೆಯೂ ಇರಬಹುದು

ಕಾಕಾ ನಿವೃತ್ತ ಗಣಿತ ಮಾಸ್ತರರು. ಒಂದು ವಾರ ಸಪ್ಪಳ ಕೇಳಿದಾಗೆಲ್ಲ ಹೊತ್ತು ಬರೆದಿಡಿ ಅಂತ ಕೇಳಿಕೊಂಡೆ. ಕ್ಯಾಲೆಂಡರಿನ ಹಿಂದೆ ನೀಟಾಗಿ ಬರೆದಿಟ್ಟಿದ್ದರು. ಅದರಲ್ಲಿ ಮೂರು ದಿನ ಬೆಳಿಗ್ಗೆ ಆರೂವರೆ ಅಂತ ಇತ್ತು! ಆ ಹೊತ್ತಿಗೆ ನಾನು ಗೊರಕೆ ಹೊಡೆಯುತ್ತಿರುತ್ತೇನೆ. ನೋಡಿದರೆ ಅದು ನೀರಿನ ಮೋಟಾರು. ಪೈಪು ಗೋಡೆಗೆ ಬಿಗಿದ ಕಡೆ ಕ್ಲಾಂಪ್ ಸಡಿಲವಾಗಿ ಧಡಧಡ ಅನ್ನುತ್ತಿತ್ತು. ವಾಷಿಂಗ್ ಮೆಷಿನ್ ಕೂಡ ಹೀಗೇ ಮೋಸ ಮಾಡುತ್ತದೆ. ಆದ್ದರಿಂದ ಹೊತ್ತಿನ ಪಟ್ಟಿ ಬೇಕೇ ಬೇಕು. ಜಗಳ ತಪ್ಪಿಸುವುದಕ್ಕೂ ಅದು ಒಳ್ಳೆಯದು.

ಅವರ ಮನೆಯಲ್ಲಿ ಇನ್ನೊಂದು ಸಿಕ್ಕಿತು. ಕಿಕ್ ಬಿದ್ದಾಗೆಲ್ಲ ‘ಧಡ್’ ಜೊತೆಗೆ ಸಣ್ಣಗೆ ‘ಕಿಣಿ ಕಿಣಿ’. ಶೋಕೇಸಿನ ಗಾಜು ಮತ್ತು ಮೇಲಿನ ಹಲಗೆಯ ಸ್ಟೀಲ್ ಭಾಂಡಿಗಳು. ಕಿರಿಕಿರಿಯ ಅರ್ಧ ಪಾಲು ಇದರದ್ದೇ. ಗಾಜಿನ ಅಂಚಿಗೆ ಫೆಲ್ಟ್ ಚೂರು ಅಂಟಿಸಿದೆ. ಭಾಂಡಿಗಳ ಕೆಳಗೆ ಕಾಕು (ಕಾಕಾನ ಹೆಂಡತಿ) ಹಳೇ ಬಟ್ಟೆ ಹಾಸಿದರು. ಹತ್ತು ನಿಮಿಷದ ಕೆಲಸ.

ಫೋನಿನ ಡೆಸಿಬಲ್ ಆ್ಯಪ್ ನಂಬಬೇಡಿ. ನಾನು ಮೊದಲು ಅದನ್ನೇ ಹಿಡಿದುಕೊಂಡು ವಾದಕ್ಕೆ ಹೋಗಿದ್ದೆ. ವಸತಿ ಪ್ರದೇಶಕ್ಕೆ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಮಿತಿ ಹಗಲಿಗೆ 55, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ 45 ಡೆಸಿಬಲ್, ನನ್ನ ಆ್ಯಪ್ ತೋರಿಸಿದ್ದು 38, ಹಾಗಾಗಿ ತಪ್ಪು ನನ್ನದಲ್ಲ ಅಂತ. ಆದರೆ ಆ ಅಳತೆ ‘ಎ’ ತೂಕದ್ದು. ಅದು ಕೆಳಸ್ವರವನ್ನು ಬೇಕೆಂತಲೇ ಕಡಿಮೆ ಎಣಿಸುತ್ತದೆ. 50 ಹರ್ಟ್ಜ್‌ನ (ಸೆಕೆಂಡಿಗೆ 50 ಸಲ ಅದುರುವ) ಸಪ್ಪಳವಾದರೆ ಸುಮಾರು 30 ಡೆಸಿಬಲ್ ಕಡಿಮೆ ತೋರಿಸುತ್ತದೆ. ಕಿಕ್‌ನ ಧಡ್ ಇರುವುದೇ ಆ ಜಾಗದಲ್ಲಿ. ಎದೆಗೆ ತಾಗುತ್ತದೆ, ಮೀಟರಿಗೆ ತಾಗುವುದಿಲ್ಲ. ಕಾಕಾ ಮುಂದೆ ಆ ಫೋನ್ ಹಿಡಿದದ್ದು ನೆನೆಸಿದರೆ ಈಗ ನಾಚಿಕೆ ಆಗುತ್ತದೆ.

ಅಳೆಯಲೇಬೇಕೆಂದರೆ ಅದುರನ್ನೇ ಅಳೆಯಿರಿ. ‘ಫೈಫಾಕ್ಸ್’ ಅಂತ ಒಂದು ಪುಕ್ಕಟೆ ಆ್ಯಪ್ ಇದೆ, ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ್ದು. ಅದರಲ್ಲಿ ವೇಗವೃದ್ಧಿ (ಆಕ್ಸಿಲರೇಶನ್) ಅಳತೆ ತೆರೆದು, ಪೆಡಲಿನಿಂದ ಒಂದು ಗೇಣು ದೂರ ಬರೀ ನೆಲದ ಮೇಲೆ ಫೋನ್ ಇಡಿ. ಕಿಕ್ ಬಿದ್ದಾಗ ಗೆರೆ ಜಿಗಿಯುತ್ತದೆ. ಪ್ರತಿ ಬದಲಾವಣೆಯಾದ ಮೇಲೂ ಅದೇ ಜಾಗದಲ್ಲಿಟ್ಟು ಹೋಲಿಸಿ.

ದುಡ್ಡು ದಂಡ ಮಾಡಿದ ಉಪಾಯಗಳು

ಗೋಡೆಗೆ ಫೋಮ್ ಅಂಟಿಸಿದೆ. ಕೋಣೆಯ ಒಳಗಿನ ಪ್ರತಿಧ್ವನಿ ಇಳಿಯಿತು, ಕೆಳಗೆ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಮೊಟ್ಟೆ ಟ್ರೇ ಬಗ್ಗೆ ಕೇಳಲೇಬೇಡಿ. ಕಾರ್ಪೆಟ್ ಹಾಸಿದೆ. ‘ಟಕ್’ ಹೋಯಿತು, ‘ಧಡ್’ ಉಳಿಯಿತು. ಜಿಮ್‌ನಲ್ಲಿ ಹಾಸುವ ಕರಿ ರಬ್ಬರ್ ಮ್ಯಾಟ್ ತಂದೆ. ಅಷ್ಟಕ್ಕಷ್ಟೇ.

ರಬ್ಬರ್ ಯಾಕೆ ಸೋತಿತು ಅನ್ನುವುದು ತಿಳಿದರೆ ಉಳಿದದ್ದೆಲ್ಲ ತಿಳಿದಂತೆ. ಮೆತ್ತನೆಯ ಆಸರೆ ಅಂದರೆ ಸ್ಪ್ರಿಂಗ್. ಅದರ ಮೇಲೆ ಭಾರ ಇಟ್ಟರೆ ತನ್ನದೇ ಒಂದು ಲಯದಲ್ಲಿ ಕುಣಿಯುತ್ತದೆ. ಆ ಲಯಕ್ಕಿಂತ ಬಹಳ ಮೇಲಿನ ಅದುರನ್ನು ಮಾತ್ರ ಅದು ತಡೆಯುತ್ತದೆ. ಲಯ ಎಷ್ಟು ಅಂತ ತಿಳಿಯಲು ಒಂದೇ ಅಳತೆ ಸಾಕು: ಭಾರ ಬಿದ್ದಾಗ ಎಷ್ಟು ತಗ್ಗುತ್ತದೆ? 0.1 ಮಿಲಿಮೀಟರ್ ತಗ್ಗಿದರೆ ಸುಮಾರು 50 ಹರ್ಟ್ಜ್. 1 ಮಿಲಿಮೀಟರಿಗೆ 16. 6 ಮಿಲಿಮೀಟರಿಗೆ ಆರೂವರೆ. ಗಟ್ಟಿ ರಬ್ಬರ್ ಮ್ಯಾಟ್ ನಿಮ್ಮ ಭಾರಕ್ಕೆ ತಗ್ಗುವುದೇ ಕೂದಲಷ್ಟು. ಹಾಗಾಗಿ ಅದರ ಲಯ ಕಿಕ್‌ನ ಧಡ್ ಇರುವಲ್ಲೇ ಬಂದು ಕೂರುತ್ತದೆ, ಅದನ್ನು ತಡೆಯುವ ಮಾತೇ ಇಲ್ಲ. ದಪ್ಪ ಮುಖ್ಯ ಅಲ್ಲ, ತಗ್ಗುವುದು ಮುಖ್ಯ.

ಚೆಂಡಿನ ಮಣೆ

ಅಷ್ಟು ತಗ್ಗುವ, ಸೋವಿಯಾದ, ಎಲ್ಲಾ ಕಡೆ ಸಿಗುವ ಸ್ಪ್ರಿಂಗ್ ಅಂದರೆ ಟೆನ್ನಿಸ್ ಚೆಂಡು. ಟೆನ್ನಿಸ್ ಆಟದ ನಿಯಮದ ಚೆಂಡು ಸುಮಾರು 8 ಕಿಲೋ ಒತ್ತಡಕ್ಕೆ 6 ಮಿಲಿಮೀಟರಿನ ಆಸುಪಾಸು ತಗ್ಗುತ್ತದೆ. ನಮಗೆ ಬೇಕಾದದ್ದೂ ಅಷ್ಟೇ. ಎರಡು ಪ್ಲೈ ಹಲಗೆಗಳ ನಡುವೆ ಇಂಥ ಚೆಂಡಿಟ್ಟು, ಮೇಲೆ ಡ್ರಮ್ ಸೆಟ್ಟೂ ಬಾರಿಸುವವರೂ ಕೂರುವುದೇ ಈ ಮಣೆ.

ಲೆಕ್ಕ ಹೀಗೆ. ನಾನು 70 ಕಿಲೋ, ಡ್ರಮ್ ಸೆಟ್ 23, ಮೇಲಿನ ಪ್ಲೈ 17. ಒಟ್ಟು 110. ಎಂಟರಿಂದ ಭಾಗಿಸಿದರೆ 14 ಚೆಂಡು. ಗಲ್ಲಿ ಕ್ರಿಕೆಟ್ಟಿನ ಹಗುರ ಚೆಂಡು ನಡೆಯುತ್ತದೆ. ಟೂರ್ನಮೆಂಟಿಗೆ ತರುವ ‘ಹೆವಿ’ ಚೆಂಡು ಬೇಡ, ಅದು ಕಲ್ಲು.

18 ಎಂಎಂನ 8×4 ಅಡಿಯ ಪ್ಲೈ ಒಂದು ಹಾಳೆ ತಂದು ಅಂಗಡಿಯಲ್ಲೇ ನಡುವೆ ಕುಯ್ಯಿಸಿ. 4×4ರ ಎರಡು ತುಂಡು ಸಿಗುತ್ತವೆ, ಒಂದು ಕೆಳಗೆ, ಒಂದು ಮೇಲೆ, ನಡುವೆ ಚೆಂಡು. ಚಿಕ್ಕ ಸೆಟ್ಟಿಗೆ ಇದು ಸಾಕು. ದೊಡ್ಡ ಸೆಟ್ಟಿದ್ದರೆ ಎರಡು ಹಾಳೆ ತಂದು ಉದ್ದ ಜಾಸ್ತಿ ಇಟ್ಟುಕೊಳ್ಳಿ, ಇಲ್ಲದಿದ್ದರೆ ಸ್ಟೂಲ್ ಅಂಚಿಗೆ ಬರುತ್ತದೆ. ಸ್ಟೂಲಿನ ಹಿಂದೆ ಅರ್ಧ ಅಡಿ ಜಾಗ ಇರಲಿ, ಅಂಚಿಗೆ ಒಂದು ಇಂಚಿನ ಮರದ ಪಟ್ಟಿ ಹೊಡೆಯಿರಿ. ನಾನು ಹೊಡೆಯದೆ ಒಮ್ಮೆ ಹಿಂದಕ್ಕೆ ಮಗುಚಿದ್ದೇನೆ. ಸ್ಟೂಲ್ ಮಣೆಯ ಮೇಲೇ ಇರಬೇಕು. ಅದನ್ನು ನೆಲದ ಮೇಲಿಟ್ಟು ಪೆಡಲ್ ಮಾತ್ರ ಮಣೆಯ ಮೇಲಿಟ್ಟರೆ ಎತ್ತರ ತಪ್ಪುತ್ತದೆ, ಕುಳಿತವನ ಕುಣಿತ ನೇರ ನೆಲಕ್ಕೆ ಇಳಿಯುತ್ತದೆ.

ಚೆಂಡು ಉರುಳದಂತೆ ಪ್ಲೈಗೆ ತೂತು ಕೊರೆಯುವವರಿದ್ದಾರೆ. ನಮ್ಮ ಮನೆಯವಳು ಸುಲಭ ಮಾಡಿಕೊಟ್ಟಳು: ಹಳೇ ಪ್ಲಾಸ್ಟಿಕ್ ಬಳೆಗಳು. ಚೆಂಡು ಬರುವ ಜಾಗಕ್ಕೆಲ್ಲ ಎರಡೂ ಪ್ಲೈಗಳಿಗೆ ಬಳೆ ಅಂಟಿಸಿದೆವು. ಚೆಂಡು ಬಳೆಯೊಳಗೆ ಕೂತರೆ ಎಲ್ಲೂ ಹೋಗುವುದಿಲ್ಲ.

ಚೆಂಡುಗಳನ್ನು ಸಮನಾಗಿ ಹರಡಬೇಡಿ. ಭಾರ ಇರುವುದು ಸ್ಟೂಲಿನ ಕೆಳಗೆ. ನಾನು ಹಿಂದಿನ ಅರ್ಧದಲ್ಲಿ 9, ಮುಂದೆ 5 ಇಟ್ಟೆ. ಕೂತ ಮೇಲೆ ಮಣೆ ಮಟ್ಟಸವಾಗಿದೆಯೇ ಅಂತ ಗೌಂಡಿಗಳ ರಸಮಟ್ಟದಿಂದ ನೋಡಿ, ಒಂದೆರಡು ಚೆಂಡು ಅತ್ತಿತ್ತ ಮಾಡಿ.

ಈಗ ಪಟ್ಟಿ ಹಿಡಿದು ಎರಡು ಪ್ಲೈಗಳ ನಡುವಿನ ಸಂದು ಅಳೆಯಿರಿ. ಮೇಲೆ ಏನೂ ಇಲ್ಲದಾಗ ಒಂದು ಸಲ, ಸೆಟ್ ಜೋಡಿಸಿ ಕೂತಾಗ ಒಂದು ಸಲ. ವ್ಯತ್ಯಾಸ 5ರಿಂದ 8 ಮಿಲಿಮೀಟರ್ ಬಂದರೆ ಸರಿ. ಬರೀ 2 ಬಂದರೆ ಚೆಂಡು ಜಾಸ್ತಿ ಆಯಿತು ಅಥವಾ ಗಟ್ಟಿ, ಕೆಲವು ತೆಗೆಯಿರಿ. 15 ದಾಟಿದರೆ ಕಡಿಮೆ ಆಯಿತು, ಮಣೆ ದೋಣಿಯಾಗುತ್ತದೆ.

ನನ್ನ ಮಣೆ ತಯಾರಾದ ಸಂಜೆ ಕೆಳಗೆ ಹೋಗಿ ಕೂತೆ. ತಮ್ಮ ಬಾರಿಸಿದ. ಕಾಕಾ ಕೇಳಿದರು, “ಶುರು ಮಾಡಂತ ಹೇಳ್ರಿ ಅವಗ.” ಅವನು ಆಗಲೇ ಎರಡು ನಿಮಿಷದಿಂದ ಬಾರಿಸುತ್ತಿದ್ದ.

ಮಣೆ ಹಾಕಿದ ಮೇಲೂ ಸಪ್ಪಳ ಬಂದರೆ

ಮೊದಲು ಸಂದು ನೋಡಿ. ಒಂದು ವಾರ ಚೆನ್ನಾಗಿದ್ದು ಮತ್ತೆ ಧಡ್ ಶುರುವಾಯಿತು ನಮ್ಮಲ್ಲಿ. ಸ್ಪ್ಯಾನರ್ ಡಬ್ಬಿಯನ್ನು ಜಾಗ ಉಳಿಯಲಿ ಅಂತ ನಾನೇ ಎರಡು ಪ್ಲೈಗಳ ನಡುವೆ ತುರುಕಿದ್ದೆ. ಮೇಲೂ ಕೆಳಗೂ ತಾಗಿ ಅದೇ ಸೇತುವೆಯಾಗಿತ್ತು. ಮಣೆ ಗೋಡೆಗೆ ತಾಗುವುದು, ಬಿಗಿದ ಕೇಬಲ್, ಕಿಟಕಿ ಪರದೆಯ ಕೋಲು ರ‍್ಯಾಕಿಗೆ ತಗಲುವುದು, ಎಲ್ಲಾ ಇದೇ ಜಾತಿ. ಒಂದೇ ಒಂದು ಗಟ್ಟಿ ಸಂಪರ್ಕ ಸಾಕು, 14 ಚೆಂಡುಗಳ ಕೆಲಸವನ್ನು ಹಾಳು ಮಾಡಲು. ಸಂದಿನ ಸುತ್ತ ಅಂದಕ್ಕೆ ಹಲಗೆ ಹೊಡೆದು ಮುಚ್ಚಬೇಡಿ. ಒಳಗೆ ಸಿಕ್ಕ ಗಾಳಿಯೂ ಗಟ್ಟಿ ಸ್ಪ್ರಿಂಗ್ ಆಗುತ್ತದೆ.

ಮಣೆ ತೂಗುತ್ತದೆ, ರ‍್ಯಾಕ್ ಓಲಾಡುತ್ತದೆ ಅನ್ನುವುದು ಇನ್ನೊಂದು ದೂರು. ಸ್ವಲ್ಪ ತೂಗುವುದು ಅದರ ಕೆಲಸವೇ. ಆದರೆ ಡಬಲ್ ಪೆಡಲ್ (ಎರಡೂ ಕಾಲಿನಿಂದ ತುಳಿಯುವ ಕಿಕ್) ಇದ್ದವರು ಎಚ್ಚರ. ನಿಮಿಷಕ್ಕೆ 120 ತಾಳದ ವೇಗದಲ್ಲಿ, ತಾಳಕ್ಕೆ ನಾಲ್ಕು ಏಟಿನ ಲೆಕ್ಕದಲ್ಲಿ ತುಳಿದರೆ ಸೆಕೆಂಡಿಗೆ 8 ಏಟು. ಮಣೆಯ ಸ್ವಂತ ಲಯವೂ ಹೆಚ್ಚು ಕಡಿಮೆ ಅಲ್ಲೇ. ಜೋಕಾಲಿಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ ಆಗಿ ಮಣೆ ಏರಿಳಿಯತೊಡಗುತ್ತದೆ. ಮೇಲಿನ ಪ್ಲೈ ಮೇಲೆ ಇನ್ನೊಂದು ಪ್ಲೈ ಸ್ಕ್ರೂ ಹೊಡೆದು ಭಾರ ಹೆಚ್ಚಿಸಿದರೆ ಕುಣಿತ ಇಳಿಯುತ್ತದೆ. ಚೆಂಡೂ ಲೆಕ್ಕದಂತೆ ಎರಡು ಹೆಚ್ಚಿಸಿ.

ಕಿಕ್ ಹೊಡೆದಾಗ ಸ್ನೇರ್ ತಾನಾಗಿ ನುಡಿಯುತ್ತಿದೆಯಾ? ಎಲ್ಲಾ ಒಂದೇ ಮಣೆ ಮೇಲಿರುವುದರಿಂದ ಕಿಕ್‌ನ ಅದುರು ರ‍್ಯಾಕ್ ಹತ್ತಿ ಬೇರೆ ಪ್ಯಾಡಿನ ಸೆನ್ಸರಿಗೆ ಹೋಗುತ್ತದೆ. ಸದ್ದು ತಯಾರಿಸುವ ಪೆಟ್ಟಿಗೆಯಲ್ಲಿ, ಅಂದರೆ ಮಾಡ್ಯೂಲಿನಲ್ಲಿ, ಕ್ರಾಸ್‌ಟಾಕ್ ಅನ್ನುವ ಸೆಟ್ಟಿಂಗ್ ಏರಿಸಿ. ಅದಿಲ್ಲದ ಮಾಡ್ಯೂಲಾದರೆ ಸ್ನೇರ್‌ನ ಥ್ರೆಶೋಲ್ಡ್ (ಎಷ್ಟು ಜೋರು ಏಟಿಗೆ ನುಡಿಯಬೇಕು ಅನ್ನುವ ಮಿತಿ) ಒಂದೆರಡು ಅಂಕಿ ಏರಿಸಿ.

ಮಾಡ್ಯೂಲ್ ತೆರೆದಾಗಲೇ ಕಿಕ್‌ನ ಸೆನ್ಸಿಟಿವಿಟಿಯನ್ನೂ ಏರಿಸಿಬಿಡಿ. ಮೆಲ್ಲಗೆ ತುಳಿದರೂ ಕಿವಿಗೆ ದೊಡ್ಡದಾಗಿ ಕೇಳಿದರೆ ಕಾಲು ತಾನಾಗಿ ಹಗುರಾಗುತ್ತದೆ. ಪುಕ್ಕಟೆ ಉಪಾಯಗಳಲ್ಲಿ ನನಗೆ ಇದರಷ್ಟು ಕೆಲಸ ಮಾಡಿದ್ದು ಇನ್ನೊಂದಿಲ್ಲ. ಬೀಟರಿನ ಪ್ಲಾಸ್ಟಿಕ್ ಮುಖ ತಿರುಗಿಸಿ ಫೆಲ್ಟ್ ಮುಖ ಮಾಡಿ, ಸ್ಪ್ರಿಂಗ್ ಒಂದಿಷ್ಟು ಸಡಿಲಿಸಿ, ಹಿಮ್ಮಡಿ ಊರಿ ತುಳಿಯಲು ರೂಢಿ ಮಾಡಿ. ಬೀಟರ್ ಒಳಗೇ ಇರುವ, ಬೇರೆ ಪ್ಯಾಡ್ ಬೇಡದ ಪೆಡಲೂ ಬರುತ್ತವೆ, ರೋಲ್ಯಾಂಡ್‌ನ ಕೆಟಿ-10 ಅಂಥದ್ದು. ಅದೇ ಕಂಪನಿಯ ‘ನಾಯ್ಸ್ ಈಟರ್’ ಅನ್ನುವ ಆಸರೆಗಳು ಪೆಡಲಿಗೊಂದು, ಸ್ಟ್ಯಾಂಡಿನ ಕಾಲುಗಳಿಗೊಂದು ಬೇರೆ ಬೇರೆ ಸಿಗುತ್ತವೆ. ಬಾಡಿಗೆ ಮನೆ, ಮಣೆಗೆ ಜಾಗವಿಲ್ಲ ಅನ್ನುವವರಿಗೆ ಅವು ಸರಿ. ಜೇಬಿಗೆ ಮಾತ್ರ ಭಾರ.

ಚೆಂಡುಗಳು ಸಾಯುತ್ತವೆ. ಹಗಲೂ ರಾತ್ರಿ ಭಾರ ಹೊತ್ತು, ಮೇಲೆ ನಮ್ಮ ಬಿಸಿಲು ಬೇರೆ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಮಣೆ ಎತ್ತಿ ಸಂದು ಅಳೆಯಿರಿ. ಚಪ್ಪಟೆಯಾದವನ್ನು ಬದಲಿಸಿ. ಮೊದಲು ಸಾಯುವುದು ಸ್ಟೂಲಿನ ಕೆಳಗಿನವು.

ಹೋದ ವಾರ ಕಾಕಾ ಮತ್ತೆ ಮೆಟ್ಟಿಲ ಮೇಲೆ ಸಿಕ್ಕರು. “ಈಗ ಡ್ರಮ್ಮಿಂದು ಏನಿಲ್ಲ ತಮ್ಮಾ. ಊಟಕ್ಕ ಕುಂದ್ರಾಗ ಕುರ್ಚಿ ಎಳೀತೀರಲ್ಲ, ಅದರದಷ್ಟ ನೋಡ್ರಿ.” ಸತ್ತ ಚೆಂಡುಗಳು ಹೇಗೂ ಇದ್ದವು. ಒಂದೊಂದಕ್ಕೂ ಬ್ಲೇಡಿನಿಂದ ಗೀರು ಹಾಕಿ ನಾಲ್ಕೂ ಕುರ್ಚಿಗಳ ಕಾಲಿಗೆ ತೊಡಿಸಿದೆ.